ಹೊಳೆಸಾಲಿನ ಬಿಲ್ಲೆ

ಹಾವೇರಿಯಿಂದ ಗುತ್ತಲಕ್ಕೆ ಹೋಗುವ ರಸ್ತೆಯ ಬದಿಗಿದ್ದ ನಮ್ಮ ವಿದ್ಯುತ್ ಉಪಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಒಂದು ಕಟ್ಟಿಗೆಯ ಹಲಗೆ ಇತ್ತು. ಹಲಗೆಗೆ ನಾಲ್ಕು ಮೊಳೆ ಹೊಡೆದಿದ್ದರು. ಪ್ರತಿ ಮೊಳೆಯ ಕೆಳಗೆ ಬಿಳಿ ಬಣ್ಣದಲ್ಲಿ ಒಂದೊಂದು ಫೀಡರಿನ ಹೆಸರು: ಪೇಟೆ, ಗಿರಣಿ, ಮಡ್ಡಿ, ಹೊಳೆಸಾಲು. ಫೀಡರ್ ಅಂದರೆ ಉಪಕೇಂದ್ರದಿಂದ ಹೊರಟು ಊರುಗಳಿಗೆ ಹೋಗುವ ಹನ್ನೊಂದು ಸಾವಿರ ವೋಲ್ಟಿನ ಲೈನು. ನಾಲ್ಕರಲ್ಲಿ ಒಂದು ಮೊಳೆಗೆ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಹಿತ್ತಾಳೆಯ ಬಿಲ್ಲೆ ತೂಗುತ್ತಿತ್ತು.

ಬಿಲ್ಲೆಯ ಕೆಲಸ ಇಷ್ಟೇ. ತೊಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಕರೆಂಟಿನ ಕೊರತೆ ದಿನನಿತ್ಯದ್ದು. ಮೇಲಿನ ಕೇಂದ್ರದಿಂದ ಫೋನ್ ಬರುತ್ತಿತ್ತು: ಫ್ರೀಕ್ವೆನ್ಸಿ ಬಿದ್ದಿದೆ, ಇಷ್ಟು ಲೋಡ್ ಇಳಿಸಿ. ಯಾವ ಫೀಡರ್ ಎಂದು ಅವರು ಹೇಳುತ್ತಿರಲಿಲ್ಲ. ಬಿಲ್ಲೆ ಯಾವ ಮೊಳೆಗಿದೆಯೋ ಆ ಫೀಡರಿನ ಬ್ರೇಕರನ್ನು ಆಪರೇಟರ್ ತೆಗೆದು ಲೈನು ಬಂದ್ ಮಾಡುತ್ತಿದ್ದ. ಗಂಟೆಯೋ ಒಂದೂವರೆ ಗಂಟೆಯೋ ಕಳೆದು ಲೈನು ಮರಳಿ ಕೊಟ್ಟ ಮೇಲೆ ಬಿಲ್ಲೆಯನ್ನು ಮುಂದಿನ ಮೊಳೆಗೆ ಸರಿಸುತ್ತಿದ್ದ. ಮುಂದಿನ ಸಲ ಅವರ ಪಾಳಿ. ಇದು ಯಾವ ಸುತ್ತೋಲೆಯಲ್ಲೂ ಇದ್ದ ಪದ್ಧತಿಯಲ್ಲ. ನಾನು ಬರುವ ಮೊದಲೇ ಯಾರೋ ಹಳೆಯ ಆಪರೇಟರ್ ಶುರು ಮಾಡಿದ್ದು, ಹಾಗೇ ನಡೆದುಕೊಂಡು ಬಂದಿತ್ತು. ಪೇಟೆಯ ದೊಡ್ಡ ಮನುಷ್ಯರು ಫೋನಿನಲ್ಲಿ ಗದರಿಸಿದರೆ ನಮ್ಮ ಹಿರಿಯ ಆಪರೇಟರು, "ಬಿಲ್ಲಿ ನಿಮ್ಮ ಮೊಳಿಗೆ ಐತ್ರಿ, ನಾ ಏನ್ ಮಾಡ್ಲಿ" ಎಂದು ರಿಸೀವರ್ ಇಟ್ಟುಬಿಡುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಅವರಿಗೆ ಆ ಬಿಲ್ಲೆ ಇದ್ದುದರಿಂದಲೇ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ನಾನು ಆ ಉಪಕೇಂದ್ರದ ಹೊಣೆ ಹೊತ್ತಿದ್ದ ಇಂಜಿನಿಯರ್. ಒಂದು ಬೇಸಿಗೆಯಲ್ಲಿ ಆ ಬಿಲ್ಲೆ ಹನ್ನೆರಡು ದಿನ ಒಂದೇ ಮೊಳೆಯಲ್ಲಿ ನಿಂತಿತು. ನಿಲ್ಲಿಸಿದವನು ನಾನು. ಅದು ಹೇಗೆ ಆಯಿತೋ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಹೊಳೆಸಾಲು ಫೀಡರಿನ ಕೊನೆಯ ಊರುಗಳಲ್ಲಿ ಒಂದು ತುಂಗಭದ್ರೆಯ ದಂಡೆಯಲ್ಲಿತ್ತು. ಕುಡಿಯುವ ನೀರಿಗೆ ಒಂದು ಕೊಳವೆಬಾವಿ, ಅದರ ಮೇಲೆ ತ್ರೀಫೇಸ್ ಮೋಟರು, ಊರ ನಡುವೆ ಒಂದು ಮೇಲ್ತೊಟ್ಟಿ. ಮೋಟರು ಮೂರು ತಾಸು ನಡೆದರೆ ತೊಟ್ಟಿ ತುಂಬುತ್ತಿತ್ತು. ವೋಲ್ಟೇಜ್ ಸಾಲುವುದಿಲ್ಲವೆಂಬ ದೂರಿನ ಮೇಲೆ ನಾನು ಮೊದಲ ಸಲ ಅಲ್ಲಿಗೆ ಹೋದಾಗ, ದೂರು ಬರೆದಿದ್ದವರ ಮನೆಗೇ ಜನ ನನ್ನನ್ನು ಕರೆದೊಯ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಮಾಸ್ತರರು. ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಪಡಸಾಲೆಯ ಗೋಡೆಯ ಮೇಲೆ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗಿತ್ತು. ಅದರ ಪ್ರತಿ ದಿನದ ಚೌಕದಲ್ಲೂ ಪೆನ್ಸಿಲ್ಲಿನ ಸಣ್ಣ ಅಂಕಿಗಳಿದ್ದವು. ಮೇಲುಮುಖದ ಗೆರೆಯ ಮುಂದೆ ಕರೆಂಟ್ ಬಂದ ಹೊತ್ತು, ಕೆಳಮುಖದ ಗೆರೆಯ ಮುಂದೆ ಹೋದ ಹೊತ್ತು.

ಮಾಸ್ತರರು ಬರೆದದ್ದೆಂದು ತಿಳಿದು ನಾನು ಹೊಗಳಿದೆ. ಅವರು ನಕ್ಕು ಅಡುಗೆಮನೆಯ ಕಡೆ ಕೈ ತೋರಿಸಿದರು. ಬರೆಯುತ್ತಿದ್ದವರು ಅವರ ಹೆಂಡತಿ. ಮಜ್ಜಿಗೆ ತಂದಿಟ್ಟು ಆಕೆ ಹೇಳಿದರು: "ಇವರು ಊರಾಗ ತಿರಗವ್ರು. ಇವರಿಗೇನು ಗೊತ್ತಾಗತೈತ್ರಿ ಕರೆಂಟ್ ಯಾವಾಗ ಬಂತು, ಯಾವಾಗ ಹೋತು. ಕೊಡಾ ಹಿಡಕೊಂಡು ನಿಂತವರಿಗೆ ಗೊತ್ತಿರತೈತಿ."

ಆಮೇಲೆ ಹೊಳೆಸಾಲಿಗೆ ಹೋದಾಗಲೆಲ್ಲ ಆ ಮನೆಗೆ ಹೋಗುತ್ತಿದ್ದೆ. ಖಾಸಗಿ ಕಂಪನಿಯೊಂದು ಆ ದಂಡೆಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ತಂದದ್ದು ಅದೇ ವರ್ಷ. ವಿರೋಧಕ್ಕೆ ಮೊದಲು ನಿಂತವರು ಮಾಸ್ತರರು. ಅವರ ವಿರೋಧದಲ್ಲಿ ಕೂಗಾಟ ಇರಲಿಲ್ಲ. ಬೇಸಿಗೆಯಲ್ಲಿ ಹೊಳೆ ಹರಿಯುವುದೇ ಇಲ್ಲ, ಮಡುಗಳಲ್ಲಿ ನಿಂತಿರುತ್ತದೆ, ಸ್ಥಾವರಕ್ಕೆ ನೀರು ಎಲ್ಲಿಂದ ತರುತ್ತೀರಿ ಎಂಬುದು ಮೊದಲ ಪ್ರಶ್ನೆ. ಬೂದಿ ಎಲ್ಲಿ ಹಾಕುತ್ತೀರಿ ಎಂಬುದು ಎರಡನೆಯದು. ಮೂರನೆಯದು ನನ್ನನ್ನೇ ಕೇಳುತ್ತಿದ್ದರು. ಇರುವ ಕರೆಂಟನ್ನು ಸೋರದ ಹಾಗೆ ತಂದು, ಸರಿಯಾಗಿ ಹಂಚಿದರೆ ಎಷ್ಟು ಕೊರತೆ ಉಳಿಯುತ್ತದೆ? ಅದನ್ನು ಮೊದಲು ಲೆಕ್ಕ ಮಾಡಿದವರು ಯಾರು?

"ಹಂಚೂದರಾಗ ಮೋಸ ಐತಿ ಅಂತೀರೇನ್ರಿ ಮಾಸ್ತರ್ರ?" ಎಂದು ನಾನು ಒಮ್ಮೆ ಕೆಣಕಿದ್ದೆ.

"ಲೆಕ್ಕ ಸಿಗೂತನಕ ನಾ ಏನೂ ಅನ್ನಂಗಿಲ್ರಿ," ಎಂದಿದ್ದರು.

ನನ್ನ ಮನಸ್ಸು ಬೇರೆ ಕಡೆಗಿತ್ತು. ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಬೈಸಿಕೊಳ್ಳುವವನಿಗೆ ಹೊಸ ಸ್ಥಾವರ ಬೇಡವೆನ್ನುವುದು ಸುಲಭವಲ್ಲ. ನನ್ನ ಅಕ್ಕನ ಗಂಡ, ನಾನು ಮಾಮಾ ಅನ್ನುವವರು, ಬ್ಯಾಡಗಿಯಲ್ಲಿ ಖಾರದ ಪುಡಿಯ ಗಿರಣಿ ಇಟ್ಟಿದ್ದರು. ಮೆಣಸಿನಕಾಯಿ ಅರ್ಧ ಅರೆದಿರುವಾಗ ಕರೆಂಟ್ ಹೋದರೆ ಯಂತ್ರದೊಳಗೆ ಪುಡಿ ಕಟ್ಟಿಕೊಳ್ಳುತ್ತದೆ. ಅದನ್ನು ಬಿಚ್ಚಿ ಕೈಯಿಂದಲೇ ಬಳಿದು ತೆಗೆಯಬೇಕು. ಕೆಲಸದ ಹೆಣ್ಣುಮಕ್ಕಳು ಮೊಣಕೈಯವರೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಆ ಕೆಲಸ ಮಾಡಿ, ಉರಿ ತಾಳದೆ ಬಚ್ಚಲಿನ ಹತ್ತಿರ ಕೈ ಚಾಚಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಮಾಮಾ ನನ್ನನ್ನು ಕಂಡಾಗಲೆಲ್ಲ, "ನಿಮ್ಮ ಕರೆಂಟ್ ಅಂದ್ರ ಹೋಳಿಗಿ ಆಗೇತಿ ನೋಡಪಾ. ಹಬ್ಬಕ್ಕೊಮ್ಮೆ" ಅನ್ನುತ್ತಿದ್ದರು. ರಾಣೆಬೆನ್ನೂರಿನ ಎಣ್ಣೆ ಗಿರಣಿಯವರು, ಹಲಗೇರಿ ಕಡೆಯ ರೈತರು, ಎಲ್ಲರದೂ ಅದೇ ಮಾತು. ಕರೆಂಟ್ ಬೇಕಿತ್ತು. ಇವತ್ತಿಗೂ ಆ ಬೇಡಿಕೆ ಸುಳ್ಳಾಗಿತ್ತೆಂದು ನಾನು ಹೇಳಲಾರೆ.

ಸ್ಥಾವರದ ಬಗ್ಗೆ ಹಾವೇರಿಯಲ್ಲಿ ಅಧಿಕಾರಿಗಳು ಜನರ ಮಾತು ಕೇಳುವ ಸಾರ್ವಜನಿಕ ಅಹವಾಲು ನಿಗದಿಯಾಯಿತು. ಅದಕ್ಕೆ ಎರಡು ವಾರ ಮೊದಲು ವಿರೋಧಿಗಳು ಪೇಟೆಯಲ್ಲಿ ಒಂದು ಸಭೆ ಕರೆದರು. ಹೊರಗಿನ ಊರುಗಳಿಂದ ಭಾಷಣಕಾರರು ಬರುವವರಿದ್ದರು. ಸಭೆಯ ಹೊತ್ತಿಗೆ ಕರೆಂಟ್ ತೆಗೆಯಬಾರದೆಂದು ಸಂಘಟಕರು ನನಗೊಂದು ಅರ್ಜಿ ಕೊಟ್ಟರು. ಆ ಮಧ್ಯಾಹ್ನ ಲೋಡ್ ಇಳಿಸಲು ಫೋನ್ ಬಂದಾಗ ಬಿಲ್ಲೆ ಪೇಟೆ ಫೀಡರಿನ ಮೊಳೆಗೇ ಇತ್ತು. ನಾನು ಸಭೆಗೆ ಹೊರಡುವ ಮೊದಲೇ ಹೇಳಿಟ್ಟಿದ್ದೆ, ಪೇಟೆ ಬಿಟ್ಟು ಮಡ್ಡಿ ತೆಗೆಯಿರಿ ಎಂದು. ಅಂದರೆ ಬಿಲ್ಲೆಯ ಪಾಳಿಯನ್ನು ನಾನು ಮೊದಲು ತಪ್ಪಿಸಿದ್ದು ವಿರೋಧಿಗಳಿಗಾಗಿಯೇ. ಒಮ್ಮೆ ತಪ್ಪಿಸಿದ ಮೇಲೆ ಎರಡನೆಯ ಸಲ ಅದು ಸುಲಭ.

ಸಭೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹೊರಗಿನಿಂದ ಬಂದ ಒಬ್ಬರು, ಹಳ್ಳಿಯ ಜನ ಕರೆಂಟ್ ಇಲ್ಲದೆಯೇ ಸಾವಿರಾರು ವರ್ಷ ಬಾಳಿದ್ದಾರೆ, ಕರೆಂಟಿನ ಹಸಿವು ಪಟ್ಟಣದ ರೋಗ ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ಅವರ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮಡ್ಡಿಯ ಹದಿನಾಲ್ಕು ಹಳ್ಳಿಗಳಿಂದ ತೆಗೆದುಕೊಟ್ಟ ಫ್ಯಾನು. ನನಗೆ ಬ್ಯಾಡಗಿಯ ಹೆಣ್ಣುಮಕ್ಕಳ ಕೈ ನೆನಪಾಯಿತು. ವೇದಿಕೆಯ ತುದಿಯಲ್ಲಿ ಮಾಸ್ತರರೂ ಕುಳಿತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ, ತಲೆ ತಗ್ಗಿಸಿ ತಮ್ಮ ಕಾಗದ ನೋಡುತ್ತಿದ್ದರು. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಬಿಲ್ಲೆ ಹೊಳೆಸಾಲಿನ ಮೊಳೆಗೆ ಬಂದಿತ್ತು. ನ್ಯಾಯವಾಗಿಯೇ ಬಂದದ್ದು. ಆರೂ ಇಪ್ಪತ್ತಕ್ಕೆ ಫೋನ್ ಬಂತು, ಹಿರಿಯ ಆಪರೇಟರು ಹೊಳೆಸಾಲು ತೆಗೆದರು. ಎಂಟಕ್ಕೆ ಐದು ನಿಮಿಷ ಇದ್ದಾಗ ಮರಳಿ ಕೊಟ್ಟು, ಬಿಲ್ಲೆ ಸರಿಸಲು ಕೈ ಎತ್ತಿದರು.

"ಇರಲಿ ಬಿಡ್ರಿ," ಎಂದೆ. "ನಾ ಹೇಳೂತನಕ ಅಲ್ಲೇ ಇರಲಿ."

ಅವರು ಕೈ ಇಳಿಸಿ ನನ್ನ ಮುಖ ನೋಡಿದರು. "ಮ್ಯಾಲಿನವರು ಹೇಳ್ಯಾರೇನ್ರಿ ಸಾಹೇಬ್ರ?"

ಇಲ್ಲ ಎಂದೆ. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಯಾರೂ ಹೇಳಿರಲಿಲ್ಲ. ಕಂಪನಿಯವರ ಪರಿಚಯವೂ ನನಗಿರಲಿಲ್ಲ. ಕರೆಂಟ್ ಇಲ್ಲದೆ ಬಾಳಬಹುದು ಎನ್ನುವವರಿಗೆ ಹದಿನೈದು ದಿನ ಅದರ ರುಚಿ ಗೊತ್ತಾಗಲಿ, ಅಹವಾಲಿನಲ್ಲಿ ಬಂದು ಅವರೇ ಕೇಳಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಆ ಮಾತು ಹೇಳಿದವನು ಹೊಳೆಸಾಲಿನವನಲ್ಲ, ಹೇಳಿದ ಸಂಜೆಯೇ ತನ್ನ ಊರಿಗೆ ಹೋಗಿದ್ದಾನೆ ಎಂಬುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು.

"ಮತ್ತ ಬುಕ್ಕಿನಾಗ ಹೆಂಗ ಬರೀಲ್ರಿ?" ಎಂದು ಕೇಳಿದರು ಆಪರೇಟರು.

"ಏನಾಗತೈತಿ ಅದನ್ನ ಬರೀರಿ."

ಅವರು ಬರೆದರು. ಹನ್ನೆರಡು ದಿನವೂ ನಿಮಿಷ ತಪ್ಪದೆ ಬರೆದರು. ಲಾಗ್ ಬುಕ್ಕಿನಲ್ಲಿ ಸುಳ್ಳು ಇರಲಿಲ್ಲ.

ಹಳ್ಳಿಯ ಫೀಡರುಗಳಿಗೆ ಆಗ ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಮಾತ್ರ ಮೋಟರು ನಡೆಯುವ ತ್ರೀಫೇಸ್. ಉಳಿದ ಹೊತ್ತು ದೀಪಕ್ಕೆ ಸಾಕಾಗುವಷ್ಟು ಸಿಂಗಲ್ ಫೇಸ್. ಆ ಆರು ತಾಸಿನೊಳಗೆ ಲೋಡ್ ಇಳಿಸುವ ಫೋನು ಮೂರು, ನಾಲ್ಕು ಸಲ ಬರುತ್ತಿತ್ತು. ಪಾಳಿಯಾಗಿದ್ದರೆ ನಾಲ್ಕು ಫೀಡರುಗಳಿಗೂ ಸ್ವಲ್ಪ ಸ್ವಲ್ಪ ಪೆಟ್ಟು. ಪಾಳಿ ನಿಂತ ಮೇಲೆ ಹೊಳೆಸಾಲಿಗೆ ದಿನಕ್ಕೆ ಉಳಿದದ್ದು ಎರಡು ತಾಸು, ಅದೂ ತುಂಡು ತುಂಡಾಗಿ. ಎರಡು ತಾಸಿನಲ್ಲಿ ತೊಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ, ಕುಡಿಯುವುದಕ್ಕೆ ತೊಂದರೆಯಿಲ್ಲ, ತೊಂದರೆಯೆಲ್ಲ ಹೊಲದ ಪಂಪುಗಳಿಗೆ ಎಂದು ನಾನು ಲೆಕ್ಕ ಹಾಕಿದ್ದೆ.

ಲೆಕ್ಕ ತಪ್ಪಿದ್ದು ಅಲ್ಲೇ. ತಪ್ಪುವುದನ್ನು ತೋರಿಸುವ ಮೀಟರು ನನ್ನ ಕಣ್ಣ ಮುಂದೆಯೇ ಇತ್ತು. ಹೊಲದ ಪಂಪುಗಳಿಗೆಲ್ಲ ತಾನೇ ಚಾಲೂ ಆಗುವ ಸ್ಟಾರ್ಟರ್ ಹಾಕಿಸಿಕೊಂಡಿದ್ದರು. ಕರೆಂಟ್ ಬಂದ ಕೂಡಲೆ ದಂಡೆಯುದ್ದದ ಪಂಪುಗಳೆಲ್ಲ ಒಂದೇ ಸಲ ಎಳೆಯುತ್ತಿದ್ದವು. ಮೊದಲಾದರೆ ಆರು ತಾಸು ಇರುತ್ತಿತ್ತು, ಕೆಲವರು ಬೆಳಿಗ್ಗೆ, ಕೆಲವರು ಬಿಸಿಲೇರಿದ ಮೇಲೆ ನೀರು ಹಾಯಿಸುತ್ತಿದ್ದರು. ಈಗ ಯಾರೂ ಕಾಯುವಂತಿರಲಿಲ್ಲ. ಲೈನು ಕೊಟ್ಟಾಗ ಆಂಪಿಯರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ನಡುಗುತ್ತಿದ್ದುದನ್ನು ನಾನು ದಿನವೂ ಕಂಡೆ. ಅಷ್ಟು ಎಳೆತವಿದ್ದರೆ ಲೈನಿನ ಕೊನೆಯಲ್ಲಿ ವೋಲ್ಟೇಜ್ ಎಷ್ಟು ಉಳಿಯುತ್ತದೆ ಎಂದು ಯಾವ ಇಂಜಿನಿಯರ್ ಆದರೂ ಹೇಳಬಲ್ಲ. ಊರ ತೊಟ್ಟಿಯ ಮೋಟರು ಆ ಕೊನೆಯಲ್ಲಿತ್ತು. ಅದರ ಸ್ಟಾರ್ಟರ್ ಹಿಡಿಯುತ್ತಲೇ ಇರಲಿಲ್ಲ. ಒತ್ತಿದರೆ ಒಮ್ಮೆ ಗುರ್ ಎಂದು ಬಿಟ್ಟುಬಿಡುತ್ತಿತ್ತು. ನಾಲ್ಕನೆಯ ದಿನವೋ ಐದನೆಯ ದಿನವೋ ಅದರ ಕಾಯಿಲ್ ಸುಟ್ಟುಹೋಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ತಿಳಿಯಲು ನಾನು ಒಮ್ಮೆ ಅಲ್ಲಿಗೆ ಹೋಗಿದ್ದರೆ ಸಾಕಿತ್ತು. ಆ ದಿನಗಳಲ್ಲಿ ನಾನು ಹೊಳೆಸಾಲಿನ ಕಡೆ ಹೋಗುವುದನ್ನು ಬಿಟ್ಟಿದ್ದೆ.

ಒಂಬತ್ತನೆಯ ದಿನ ಮಾಸ್ತರರೇ ಬಂದರು. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದಿದ್ದರು. ಕೈಚೀಲದಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್. ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ಮೂಲೆಗಳಿಗೆ ನನ್ನದೇ ಪೇಪರ್ ವೇಟು, ನೀರಿನ ಲೋಟ ಇಟ್ಟರು. ಒಂದು ವಾರದಿಂದ ಹೊಳೆಸಾಲಿಗೆ ಸಿಗುವ ಕರೆಂಟು ಬಹಳ ಕಡಿಮೆಯಾದ ಹಾಗೆ ಕಾಣುತ್ತದೆ, ಅಹವಾಲಿನಲ್ಲಿ ಹೇಳುವ ಮೊದಲು ನಿಮ್ಮ ದಾಖಲೆಗೆ ತಾಳೆ ನೋಡಬೇಕು ಎಂದರು. ಊರಿನಲ್ಲಿ ನೀರಿಗೆ ತ್ರಾಸಾಗಿದೆ ಎಂದೂ ಹೇಳಿದರು. ಹೇಳಿದ್ದು ಒಂದೇ ಮಾತಿನಲ್ಲಿ. ಅವರ ಗಮನವೆಲ್ಲ ಅಂಕಿಗಳ ಮೇಲಿತ್ತು.

ಲಾಗ್ ಬುಕ್ಕು ಪಕ್ಕದ ಮೇಜಿನ ಮೇಲೆ ತೆರೆದಿತ್ತು. ಹಿರಿಯ ಆಪರೇಟರು ಅದರ ಮುಂದೆ ಕುಳಿತಿದ್ದರು. ಲಾಗ್ ಬುಕ್ಕು ಹೊರಗಿನವರಿಗೆ ತೋರಿಸುವಂಥದ್ದಲ್ಲ ಎಂದೆ. ಅದು ನಿಯಮವೂ ಹೌದು. ಅದರ ಬದಲು ತಿಂಗಳ ವೇಳಾಪಟ್ಟಿಯ ಹಾಳೆ ಕೊಟ್ಟೆ. ಟೈಪು ಮಾಡಿ ನಾನೇ ಸಹಿ ಹಾಕಿದ್ದು. ಹೊಳೆಸಾಲು: ಆರರಿಂದ ಹನ್ನೆರಡು. ಕೆಳಗೆ ಒಂದು ಟಿಪ್ಪಣಿ, ಲೋಡ್ ಇಳಿಸಬೇಕಾದಾಗ ಪಾಳಿಯ ಪ್ರಕಾರ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಕ್ಯಾಲೆಂಡರ್ ನೋಡಿದರು.

"ಪಾಳಿ ಪ್ರಕಾರನ ನಡದೈತೇನ್ರಿ?"

"ಪಾಳಿ ಪ್ರಕಾರನ," ಎಂದೆ.

ಪಕ್ಕದ ಮೇಜಿನಲ್ಲಿ ಪೆನ್ನಿನ ಸದ್ದು ನಿಂತಿತು. ಆಪರೇಟರು ತಲೆ ಎತ್ತಲಿಲ್ಲ.

"ಹಂಗಾದ್ರ ನಮ್ಮನಿ ಗಡಿಯಾರ ಕೆಟ್ಟಿರಬೇಕು. ಇಲ್ಲಾ, ಆಕಿ ಕನ್ನಡಕ ಬದಲ ಮಾಡಿಸಬೇಕು," ಎಂದು ಮಾಸ್ತರರು ಕ್ಯಾಲೆಂಡರ್ ಸುತ್ತತೊಡಗಿದರು. "ಚಲೋ ಆತು ಕೇಳಿದ್ದು. ತಪ್ಪು ಲೆಕ್ಕ ಹಿಡಕೊಂಡು ನಾಕು ಮಂದ್ಯಾಗ ನಿಂದರತಿದ್ದೆ."

ಹೊರಡುವಾಗ ಹಲಗೆಯ ಮುಂದೆ ನಿಂತು, ಇದೇನು ಬಿಲ್ಲೆ ಎಂದು ಕೇಳಿದರು. ಅದು ಅವರ ಊರಿನ ಫೀಡರಿನ ಹೆಸರಿನ ಮೇಲೆಯೇ ತೂಗುತ್ತಿತ್ತು. ಹಳೇ ಪದ್ಧತಿ ಎಂದೆ. ನನ್ನ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದರೂ ಕೇಳದೆ ನಡೆದು ಹೋದರು.

ಅವರು ಗೇಟು ದಾಟಿದ ಮೇಲಾದರೂ ನಾನು ಬಿಲ್ಲೆ ಸರಿಸಬಹುದಿತ್ತು. ಅದನ್ನು ಯೋಚಿಸಿದ್ದೂ ಹೌದು. ಈಗ ಸರಿಸಿದರೆ, ಮಾಸ್ತರರು ಕೇಳಿದ್ದಕ್ಕೆ ಹೆದರಿ ಸರಿಸಿದನೆಂದು ಆಪರೇಟರು ತಿಳಿಯುತ್ತಾರಲ್ಲ ಎಂಬ ಸಣ್ಣ ಅಂಜಿಕೆ ತಡೆಯಿತು. ಅದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಬಂದ ಹಿರಿಯ ಆಪರೇಟರು ಚೀಲವನ್ನು ಕೆಳಗಿಡದೆ ನನ್ನ ಮುಂದೆ ನಿಂತರು. ಅವರ ತಂಗಿಯನ್ನು ಕೊಟ್ಟದ್ದು ಅದೇ ಊರಿಗೆ.

"ಹೊಳಿಸಾಲಿನಾಗ ವಾಂತಿಭೇದಿ ಎದ್ದೈತ್ರಿ. ತೊಟ್ಟ್ಯಾಗ ನೀರಿಲ್ಲ. ಮಂದಿ ಮಡುವಿನ ನೀರು ತಂದು ಕುಡದಾರ." ಚೀಲ ಕೆಳಗಿಟ್ಟು ಹೇಳಿದರು: "ನಾ ಬರದೇನಿ, ನೀವು ಸಹಿ ಮಾಡೀರಿ. ಇಬ್ಬರೂ ಕೂಡೇ ಮಾಡೇವಿ."

ನಾನು ಎದ್ದು ಬಿಲ್ಲೆಯನ್ನು ಪೇಟೆಯ ಮೊಳೆಗೆ ಹಾಕಿದೆ. ಜೀಪಿನಲ್ಲಿ ಇಬ್ಬರು ಲೈನ್‌ಮನ್‌ಗಳನ್ನು, ಒಂದು ಹೊಸ ಕಾಯಿಲನ್ನು ಹಾಕಿಕೊಂಡು ಹೊರಟೆ. ಊರಿಗೆ ಎರಡು ಕಂಬ ಮೊದಲು ಹೊಲಗಳ ಕಡೆ ಲೈನು ಕವಲೊಡೆಯುವಲ್ಲಿ ಒಂದು ಸ್ವಿಚ್ಚಿತ್ತು. ಅದನ್ನು ತೆಗೆಸಿ ಹೊಲದ ಪಂಪುಗಳನ್ನು ಬೇರೆ ಮಾಡಿದೆ. ಊರಿನ ಟ್ರಾನ್ಸ್‌ಫಾರ್ಮರಿಗೆ ಪೂರ್ತಿ ವೋಲ್ಟೇಜ್ ಬಂತು. ಕಾಯಿಲ್ ಬದಲಿಸಿ ಒತ್ತಿದೆವು. ಮೋಟರು ಹಿಡಿಯಿತು. ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿದಾಗ ಗಡಿಯಾರ ನೋಡಿದೆ. ಜೀಪು ಇಳಿದ ಹೊತ್ತಿನಿಂದ ನಲವತ್ತು ನಿಮಿಷ. ಇಷ್ಟು ಸಣ್ಣ ಕೆಲಸವನ್ನು ಯಾವ ದಿನವಾದರೂ ಮಾಡಬಹುದಾಗಿತ್ತು. ಹೊಸ ಸ್ಥಾವರದ ಅಗತ್ಯ ಅದಕ್ಕಿರಲಿಲ್ಲ.

ನಲ್ಲಿಯ ಹತ್ತಿರ ಜನ ಕೊಡ ಇಟ್ಟು ನಿಂತಿದ್ದರು. ಒಬ್ಬರು ನನಗೆ ಕೈ ಮುಗಿದು, ದೇವರ ಹಾಗೆ ಬಂದಿರಿ ಎಂದರು. ಮಾಸ್ತರರ ಮನೆಗೆ ಕೀಲಿ ಹಾಕಿತ್ತು. ನಸುಕಿನಲ್ಲಿ ಅವರ ಹೆಂಡತಿಯನ್ನು ಟೆಂಪೋದಲ್ಲಿ ಹಾವೇರಿಯ ಆಸ್ಪತ್ರೆಗೆ ಒಯ್ದಿದ್ದರು.

ಅಹವಾಲು ಮರುದಿನವೇ ಇತ್ತು. ಮಾಸ್ತರರು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಆಸ್ಪತ್ರೆಯಿಂದಲೇ ಬಂದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತರು. ಬ್ಯಾಡಗಿಯಿಂದ ನನ್ನ ಮಾಮಾ ಬಂದಿದ್ದರು. ಗಿರಣಿಯ ಹೆಣ್ಣುಮಕ್ಕಳ ಕೈಯ ಬಗ್ಗೆ ಹೇಳಿದರು, ಉತ್ಪ್ರೇಕ್ಷೆ ಇಲ್ಲದೆ ಹೇಳಿದರು. ಆಮೇಲೆ ಹೊಳೆಸಾಲಿನ ಜನ ಒಬ್ಬೊಬ್ಬರಾಗಿ ಎದ್ದರು. ಎರಡು ವಾರ ಹಿಂದೆ ಮಾಸ್ತರರ ಜೊತೆ ವಿರೋಧದ ಮನವಿಗೆ ಸಹಿ ಮಾಡಿದ್ದವರೇ. ತಲೆಗೆ ಟವೆಲ್ ಸುತ್ತಿದ್ದ ಒಬ್ಬ ರೈತ ಮೈಕಿನ ಮುಂದೆ ನಿಂತು, ಅಧಿಕಾರಿಗಳ ಕಡೆ ನೋಡದೆ ಬಾಗಿಲ ಕಡೆ ತಿರುಗಿದ.

"ಹೊಳಿ ಉಳಸೋಣು ಅಂದ್ರಿ. ಹೂಂ ಅಂದ್ವಿ. ಕಡೀಕ ಆ ಹೊಳಿ ನೀರಽ ಕುಡದು ಮಲಗೇವಿ. ನಮಗ ಕರೆಂಟ್ ಬೇಕ್ರಿ ಮಾಸ್ತರ್ರ. ಸಿಟ್ಟಾಗಬ್ಯಾಡ್ರಿ."

ನಾನು ಬಯಸಿದ್ದು ಇದನ್ನೇ, ಅಕ್ಷರಶಃ ಇದನ್ನೇ. ಕೊರತೆ ಎಷ್ಟೆಂದು ಅಧಿಕಾರಿಗಳು ನನ್ನನ್ನು ಕೇಳಿದರು. ನಾನು ಕೊಟ್ಟ ಪ್ರತಿ ಅಂಕಿಯೂ ನಿಜವಾಗಿತ್ತು. ಹೇಳದೆ ಬಿಟ್ಟದ್ದು ಒಂದೇ.

ಕೊನೆಗೆ ಮಾಸ್ತರರನ್ನು ಕರೆದರು. ಹೊಳೆಯಲ್ಲಿ ನೀರಿಲ್ಲದ ವಿಷಯ, ಬೂದಿಯ ವಿಷಯ, ಎರಡನ್ನೂ ಬಿಡಿಬಿಡಿಯಾಗಿ ಹೇಳಿದರು. ಮೂರನೆಯದಕ್ಕೆ ಬಂದಾಗ ಕೈಯಲ್ಲಿದ್ದ ಕಾಗದ ಮಡಚಿದರು. ಕರೆಂಟಿನ ಹಂಚಿಕೆ ಸರಿಯಿಲ್ಲ ಎಂದು ಹೇಳಬೇಕೆಂದಿದ್ದೆ, ಆದರೆ ನಮ್ಮ ಮನೆಯ ಟಿಪ್ಪಣಿ ಕಚೇರಿಯ ದಾಖಲೆಗೆ ತಾಳೆಯಾಗಲಿಲ್ಲ, ಆದ್ದರಿಂದ ಆ ಆಕ್ಷೇಪಣೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಎದ್ದು ನಿಲ್ಲುವುದಕ್ಕೆ ಆ ಗಳಿಗೆಗಿಂತ ಒಳ್ಳೆಯದು ಇರಲಿಲ್ಲ. ಏಳಲಿಲ್ಲ.

ಎರಡು ದಿನದ ಮೇಲೆ ಅವರ ಹೆಂಡತಿ ತೀರಿಕೊಂಡರು. ಊರಿನ ಉಳಿದವರೆಲ್ಲ ಗುಣವಾದರು. ವಯಸ್ಸಾಗಿತ್ತು, ಮೈಯಲ್ಲಿ ನೀರು ಬತ್ತಿತ್ತು, ಮೊದಲೇ ಸಕ್ಕರೆ ಕಾಯಿಲೆ ಇತ್ತು ಎಂದು ಡಾಕ್ಟರು ಹೇಳಿದರಂತೆ. ಆಕೆ ಕುಡಿದದ್ದು ಮಡುವಿನ ನೀರೇ ಎಂದು ಯಾರೂ ಪರೀಕ್ಷೆ ಮಾಡಿಲ್ಲ. ನಾನು ಸಾಕ್ಷಿ ಹೇಳಬಲ್ಲದ್ದು ಎರಡೇ ಸಂಗತಿ: ತೊಟ್ಟಿ ಖಾಲಿ ಇತ್ತು, ಅದು ಖಾಲಿಯಾದದ್ದು ಹೀಗೆ.

ಸ್ಥಾವರ ಬರಲಿಲ್ಲ. ಕಂಪನಿ ತನ್ನದೇ ಕಾರಣಕ್ಕೆ ಕೈಬಿಟ್ಟಿತು. ಅಹವಾಲಿನಲ್ಲಿ ಯಾರು ಏನು ಹೇಳಿದರೆಂಬುದು ಅದಕ್ಕೆ ಬೇಕಾಗಿರಲಿಲ್ಲ. ಹೊಳೆಸಾಲಿಗೆ ಹೆಚ್ಚಿನ ಕರೆಂಟೂ ಬರಲಿಲ್ಲ, ಮಾಸ್ತರರ ಮನೆಯ ಮುಂದಿನ ಕಟ್ಟೆಗೆ ಜನವೂ ಮೊದಲಿನಂತೆ ಬರಲಿಲ್ಲ.

ಮುಂದಿನ ವರ್ಷ ನನಗೆ ರಾಣೆಬೆನ್ನೂರಿಗೆ ವರ್ಗವಾಯಿತು. ಚಾರ್ಜು ಕೊಡುವಾಗ ಪ್ರತಿ ಸ್ಪ್ಯಾನರು, ಪ್ರತಿ ಕೈಗವಸಿನ ಪಟ್ಟಿ ಮಾಡಬೇಕು. ಬಿಲ್ಲೆ ಆ ಪಟ್ಟಿಯಲ್ಲಿರಲಿಲ್ಲ. ಹಳೆಯ ಲಾಗ್ ಬುಕ್ಕುಗಳನ್ನು ಎಣಿಸುವಾಗ ಆ ಬೇಸಿಗೆಯದು ಕೈಗೆ ಬಂತು. ಹನ್ನೆರಡು ದಿನದ ಹೊಳೆಸಾಲಿನ ಹೊತ್ತುಗಳನ್ನು ಒಂದು ಹಾಳೆಗೆ ಇಳಿಸಿಕೊಂಡೆ. ನಿವೃತ್ತಿಯ ಹತ್ತಿರ ಬಂದಿದ್ದ ಹಿರಿಯ ಆಪರೇಟರು ಎದುರಿಗೆ ನಿಂತು ನೋಡಿದರು. "ಹೋಗಿ ಬರ್ರಿ," ಎಂದಷ್ಟೇ ಹೇಳಿದರು. ಎಲ್ಲಿಗೆಂದು ನಾನು ಹೇಳಿರಲಿಲ್ಲ.

ಮಾಸ್ತರರು ಮನೆಯಲ್ಲಿಯೇ ಇದ್ದರು. ಪಡಸಾಲೆಯಲ್ಲಿ ಹಿಂದಿನ ವರ್ಷದ ಅದೇ ಕ್ಯಾಲೆಂಡರ್, ಅದೇ ತಿಂಗಳಿಗೆ ನಿಂತಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಬಿಲ್ಲೆ ಏನೆಂದು, ಅದನ್ನು ಯಾಕೆ ನಿಲ್ಲಿಸಿದೆನೆಂದು, ವೇಳಾಪಟ್ಟಿಯ ಹಾಳೆ ಯಾಕೆ ಕೊಟ್ಟೆನೆಂದು.  

"ನಿಮ್ಮ ಕಡೆಯಿಂದ ಬಂದ ದಿನ ಆಕಿಗೆ ಹೇಳಿದೆ," ಎಂದರು ಮಾಸ್ತರರು. "ನೀ ಬರದದ್ದೆಲ್ಲಾ ತಪ್ಪು, ನಿನ್ನ ನಂಬಿ ನನ್ನ ಮಾನ ಹೋಗತಿತ್ತು ಅಂತ. ಆಕಿ ಮರುದಿನ ರೇಡಿಯೋ ವಾರ್ತಾಕ್ಕ ಗಡಿಯಾರ ಹೊಂದಿಸಿ, ಮತ್ತ ಬರದ್ಲು."

ಎದ್ದು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಚಾಪೆಯ ಮೇಲೆ ಹಾಸಿದರು. ಗೂಡಿನಲ್ಲಿದ್ದ ಕೆಂಪು ಪೆನ್ಸಿಲ್ ತಂದು ಕುಳಿತರು.

"ಓದ್ರಿ," ಎಂದರು.

ನಾನು ಹಾಳೆ ಬಿಚ್ಚಿ ಓದಿದೆ. ಮೊದಲ ದಿನ, ಆರೂ ಇಪ್ಪತ್ತಕ್ಕೆ ಹೋಯಿತು, ಏಳೂ ಐವತ್ತೈದಕ್ಕೆ ಬಂತು. ಅವರು ಚೌಕದ ಮೇಲೆ ಬೆರಳಿಟ್ಟು, ನೋಡಿ, ಪಕ್ಕದಲ್ಲಿ ಒಂದು ಕೆಂಪು ಗುರುತು ಹಾಕಿದರು. ಉತ್ತರ ಸರಿಯಿದ್ದರೆ ಮಕ್ಕಳ ನೋಟುಬುಕ್ಕಿನಲ್ಲಿ ಹಾಕುವ ಗುರುತು. ಎರಡನೆಯ ದಿನ. ಮೂರನೆಯ ದಿನ. ಎರಡು ಕಡೆ ಎರಡು ಮೂರು ನಿಮಿಷದ ವ್ಯತ್ಯಾಸ ಬಂತು. ಅವರು ತಡೆದು, ಲೈನಿನ ಕೊನೆಗೆ ಅಷ್ಟು ಫರಕು ಬರಬಹುದೇ ಎಂದು ಕೇಳಿದರು. ಕರೆಂಟಿಗೆ ಹಾದಿ ಸವೆಸುವ ಹೊತ್ತು ಬೇಕಿಲ್ಲ, ನಮ್ಮ ಕಂಟ್ರೋಲ್ ರೂಮಿನ ಗಡಿಯಾರವೇ ಆಗಾಗ ತುಸು ಮುಂದೆ ಓಡುತ್ತಿತ್ತು ಎಂದೆ. ಅದಕ್ಕೂ ಗುರುತು ಹಾಕಿದರು. ಕೊನೆಯ ಎರಡು ದಿನ, ರೇಡಿಯೋಗೆ ಹೊಂದಿಸಿ ಬರೆದವು, ಇನ್ನೂ ಸಣ್ಣ ಅಕ್ಷರದಲ್ಲಿ, ಒತ್ತಿ ಬರೆದಿದ್ದವು.

ಹನ್ನೆರಡನೆಯ ದಿನದ್ದು ಓದಲು ಬಾಯಿ ತೆರೆದೆ.

"ಅದು ಬ್ಯಾಡ್ರಿ," ಎಂದರು. "ಅವತ್ತ ಆಕಿ ಬರದಿಲ್ಲ."

ಆ ಚೌಕ ಖಾಲಿ ಇತ್ತು. ಅವರು ಗುರುತುಗಳನ್ನು ಮೇಲಿನಿಂದ ಒಮ್ಮೆ ಎಣಿಸಿದರು. ಕ್ಯಾಲೆಂಡರಿನ ಕೆಳಗಿನ ಅಂಚಿನಲ್ಲಿ ಒಂದು ಅಂಕಿ ಬರೆದು, ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಮತ್ತೆ ಅದೇ ಅಂಕಿ ಬರೆದರು.

"ಹನ್ನೊಂದಕ್ಕ ಹನ್ನೊಂದು," ಎಂದರು.

ಅದನ್ನು ನನಗೆ ಹೇಳಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ನೋಡಿ ಹೇಳಿದರು. ಆಮೇಲೆ ಎದ್ದು ಕ್ಯಾಲೆಂಡರನ್ನು ಅದೇ ಮೊಳೆಗೆ ತೂಗುಹಾಕಿದರು.